ಎರಡು ಭರಣಿ ಮಿಡಿ

ಮಾವಿನ ಮಿಡಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಒಂದೇ: ಮೂಗನ್ನು ನಂಬಿ ಮಾತು ಕೊಡಬೇಡಿ. ವಾಮದಪದವಿನಿಂದ ಚಾರ್ಮಾಡಿಯವರೆಗೆ ತಲೆಯ ಮೇಲೆ ಮಿಡಿ ಹೊತ್ತು ಮೇಲೆ ಬಂದವನು ನಾನು. ತೊಟ್ಟು ಮುರಿದು ಸೊನೆ ಮೂಸಿದರೆ ಯಾವ ಊರಿನ ಮರವೆಂದು ಹೇಳುತ್ತಿದ್ದೆ. ಆದರೂ ಸೋತೆ.

ತೊಂಬತ್ತರ ದಶಕದ ಕೊನೆಯಿರಬೇಕು. ನೆರಿಯದಲ್ಲಿ ಒಬ್ಬ ಅಕ್ಕನ ಗುಡ್ಡದಲ್ಲಿ ಕಾಟುಮಾವಿನ, ಅಂದರೆ ಕಾಡುಮಾವಿನ ಮರವೊಂದಿತ್ತು. ಮಿಡಿಗೆ ಜೀರಿಗೆಯ ಪರಿಮಳ. ಅವರು ಗುಡ್ಡ ಬೋಳಿಸಿ ರಬ್ಬರ್ ಹಾಕುವವರಿದ್ದರು. ಮರ ಉಳಿಸಿ ಎಂದು ಜಗಲಿಯಲ್ಲಿ ಕೂತು ಗೋಗರೆದೆ.

“ಒಂದು ಮರಕ್ಕಾಗಿ ರಬ್ಬರಿನ ಸಾಲು ಓರೆ ಮಾಡ್ಲಿಕ್ಕೆ ಆಗ್ತದಾ ಸಾಯ್ಬ್ರೇ? ನಿಮ್ಗೆ ಕನಸಿನಲ್ಲೂ ಉಪ್ಪಿನಕಾಯಿ!”

“ಪರೀಕ್ಷೆ ಮಾಡಿಸುವಾ, ಅಕ್ಕ. ಇದೇ ಬೇರೆ ತಳಿ ಅಂತಾದ್ರೆ ಮರ ಉಳಿಸಿ. ಬೇರೆ ಕಡೆಯೂ ಉಂಟು ಅಂತಾದ್ರೆ ಕಡಿಸಿ, ನಾನು ಬಾಯಿ ಮುಚ್ತೇನೆ.”

ಮಾತು ಕುದುರಿತು. ತಳಿ ಗುರುತಿಸುವ ಸಂಶೋಧಕರೊಬ್ಬರನ್ನು ಕರೆತಂದೆ. ಅವರು ಎಲೆಯ ಉದ್ದ, ಮಿಡಿಯ ಆಕಾರ, ಸೊನೆಯ ವಾಸನೆ ಎಲ್ಲ ನೋಡಿ ಮೂಡುಬಿದಿರೆ ಕಡೆಯ ಇನ್ನೊಂದು ಮರಕ್ಕೆ ಹೋಲಿಸಿದರು. ಆ ಮರದ ಕಸಿಗಿಡಗಳು ಅವರಲ್ಲಿ ಆಗಲೇ ಇದ್ದವು.

“ಹೊರಗಿನ ಲಕ್ಷಣ ಎಲ್ಲ ಒಂದೇ. ಡಿಎನ್‌ಎ ಪರೀಕ್ಷೆಗೆ ಎಲೆ ಕಳಿಸ್ತೇನೆ, ಅದು ತಡ ಆಗ್ತದೆ,” ಎಂದರು.

ನಾನೂ ಎರಡನ್ನೂ ಮೂಸಿದೆ. ವ್ಯತ್ಯಾಸ ಸಿಗಲಿಲ್ಲ. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿದೆ.

ಮೊದಲ ಮಳೆಗೆ ರಬ್ಬರ್ ಸಸಿ ಇಳಿಯಬೇಕಿತ್ತು, ಅಕ್ಕ ಕಾಯದೆ ಮರ ಕಡಿಸಿದರು. ಬಿದ್ದ ಕೊಂಬೆಗಳಿಂದ ಕಡ್ಡಿ ತಂದು ಕಸಿ ಕಟ್ಟಿದೆ, ಎಲ್ಲವೂ ಕಪ್ಪಾಗಿ ಒಣಗಿದವು. ವಾದ ಮಾಡುವ ಮೊದಲೇ, ಮರ ನಿಂತಿರುವಾಗಲೇ ಕಸಿ ಕಟ್ಟಿಬಿಡಿ. ಗೆದ್ದರೆ ನಷ್ಟವೇನೂ ಇಲ್ಲ.

ಆ ವರ್ಷ ಎರಡೂ ಮರಗಳ ಮಿಡಿಯನ್ನು ನನ್ನ ಹೆಂಡತಿ ಬೇರೆ ಬೇರೆ ಭರಣಿಯಲ್ಲಿ ಉಪ್ಪು ಹಾಕಿಟ್ಟಿದ್ದಳು. ಎರಡು ಮಳೆಗಾಲ ಕಳೆದು ತೆರೆದಾಗ ಮೂಡುಬಿದಿರೆಯದು ಬೆರಳು ತಾಗಿದರೆ ಕಲಸಿಹೋಗುವಷ್ಟು ಮೆತ್ತಗಾಗಿತ್ತು. ನೆರಿಯದ್ದು ಹಲ್ಲಿಗೆ ಕಟುಂ ಎಂದಿತು. ಅದೇ ಹೊತ್ತಿಗೆ ಸಂಶೋಧಕರೂ ಹೇಳಿ ಕಳಿಸಿದರು: ಡಿಎನ್‌ಎ ಪ್ರಕಾರ ಇವು ಎರಡು ತಳಿ.

ನೆರಿಯದ ಮಿಡಿಯ ಭರಣಿ ಹಿಡಿದು ಅಕ್ಕನಲ್ಲಿಗೆ ಹೋಗಿ ವಿಷಯ ತಿಳಿಸಿದೆ. ಗುಡ್ಡದಲ್ಲಿ ರಬ್ಬರ್ ಆಳೆತ್ತರ ಬಂದಿತ್ತು. ಅವರು ಗಂಜಿ ಬಡಿಸಿಕೊಂಡು ಒಂದು ಮಿಡಿ ಕಚ್ಚಿದರು. ಆ ಸದ್ದು ನನಗೂ ಕೇಳಿತು. ಬಹಳ ಹೊತ್ತು ಅಗಿದರು.

“ಇದನ್ನು ನೆಟ್ರೆ ಹುಟ್ಟುದಿಲ್ವಾ?”

“ಮಿಡಿಯಲ್ಲಿ ಗೊರಟು ಬಲಿತಿರುದಿಲ್ಲ ಅಕ್ಕ. ಮತ್ತೆ ಉಪ್ಪೂ ಹಿಡಿದಿದೆ.”

ಅವರು ಭರಣಿಯ ಬಾಯಿಗೆ ಬಟ್ಟೆ ಬಿಗಿದು ನನ್ನ ಕಡೆ ತಳ್ಳಿದರು.

“ಕೊಂಡೋಗಿ ಸಾಯ್ಬ್ರೇ. ಇಲ್ಲಿ ಇಡ್ಬೇಡಿ.”