ಬಾಗಿಲಲ್ಲಿ ಕೂರಿಸಿದ ಅರಮನೆ ಅಡುಗೆಯವನು

ನಾನು ಬೇಯಿಸಿದ್ದನ್ನು ಇನ್ಯಾರೋ ಬೇಯಿಸಿದ್ದು ಅಂತ ಊರೂರಿಗೆ ಸಾರಿದರು. ಅದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನ್ನದು ಇಳಿದಿಲ್ಲ.

ನಾನು ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ತವರು ಕೃಷ್ಣರಾಜಪೇಟೆ ಕಡೆ, ಹೇಮಗಿರಿ ಹತ್ತಿರದ ಒಂದು ಹಳ್ಳಿ. ಗದ್ದೆ, ದನಕರು, ಆಳುಕಾಳು ಇದ್ದ ಮನೆ. ಗಂಡನ ಮನೆಯವರಿಗೆ ಬೆಳಗೊಳದಲ್ಲಿ ಜಮೀನು, ಜೊತೆಗೆ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮಿಲಿಟ್ರಿ ಹೋಟ್ಲು. ಮುದ್ದೆ, ಅನ್ನ, ಮಾಂಸದ ಸಾರು ಸಿಗುವ ಹೋಟ್ಲನ್ನು ನಮ್ಮ ಕಡೆ ಹಾಗೇ ಕರೆಯುವುದು. ಅದನ್ನು ನಡೆಸುತ್ತಿದ್ದವರು ನನ್ನ ಗಂಡನ ಅಣ್ಣ, ನನಗೆ ಭಾವ. ನನ್ನ ಗಂಡ ಅಲ್ಲಿ ಬಡಿಸುತ್ತಿದ್ದರು, ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು.

ನಾನು ಬಂದ ಮೂರೇ ತಿಂಗಳಿಗೆ ಹೋಟ್ಲಿನ ಅಡುಗೆಯವನು ಹೇಳದೆ ಕೇಳದೆ ಹೊರಟುಹೋದ. "ನಾಕು ದಿನ ನೀನೇ ನೋಡ್ಕೊಳವ್ವ, ಬ್ಯಾರೆಯೋನ್ನ ಕರ್ಕಬತ್ತೀನಿ" ಅಂದರು ಭಾವ. ನಾಲ್ಕು ದಿನ ನಾಲ್ಕು ತಿಂಗಳಾಯಿತು, ಬೇರೆಯವನು ಬರಲೇ ಇಲ್ಲ. ಅಡುಗೆಮನೆ ಹೋಟ್ಲಿನ ಹಿಂದೆ ಇತ್ತು, ನಮ್ಮ ಮನೆಯ ಹಿತ್ತಲಿಂದಲೇ ಅದಕ್ಕೆ ಬಾಗಿಲು. ಹಾಗಾಗಿ ಉಣ್ಣಲು ಬಂದವರಿಗೆ ನಾನು ಕಾಣುತ್ತಿರಲಿಲ್ಲ. ಗೋಡೆಯಲ್ಲಿದ್ದ ಒಂದು ಸಣ್ಣ ಕಿಂಡಿಯಿಂದ ಪಾತ್ರೆ ದಾಟಿಸುತ್ತಿದ್ದೆ.

ಸಾರು ಮಾಡುವುದನ್ನು ನನಗೆ ಕಲಿಸಿದವಳು ನನ್ನವ್ವ. ಅವಳು ನನಗೆ ಹದಿನಾಲ್ಕಾಗಿದ್ದಾಗಲೇ ತೀರಿಕೊಂಡಳು. ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಕೊತ್ತಂಬರಿ ಬೀಜ ಹುರಿದು, ಎಲ್ಲರೂ ಹಾಕುವ ಗಸಗಸೆಯ ಬದಲು ಒಂದು ಹಿಡಿ ಹುಚ್ಚೆಳ್ಳು ಹಾಕಿ ಕಲ್ಲಿನಲ್ಲಿ ಅರೆಯುತ್ತಿದ್ದಳು. ನಾನೂ ಹಾಗೇ ಮಾಡಿದೆ. ವರ್ಷ ತುಂಬುವುದರೊಳಗೆ ಪಾಂಡವಪುರ, ನಾಗಮಂಗಲದ ಕಡೆಯಿಂದ ಕೋರ್ಟು ಕಚೇರಿಗೆ ಬಂದವರೆಲ್ಲ ನಮ್ಮಲ್ಲೇ ಉಣ್ಣತೊಡಗಿದರು. ಭಾವ ಬಸ್ಸಿನ ಡ್ರೈವರು ಕಂಡಕ್ಟರುಗಳಿಗೆ ಸುಮ್ಮನೆ ಊಟ ಹಾಕಿ, ನಮ್ಮ ಹೋಟ್ಲ ಮುಂದೆ ಬಸ್ಸು ಒಂದು ಗಳಿಗೆ ಜಾಸ್ತಿ ನಿಲ್ಲುವಂತೆ ನೋಡಿಕೊಂಡರು. ವ್ಯಾಪಾರದ ಬುದ್ಧಿ ಅವರಿಗೆ ಚೆನ್ನಾಗಿಯೇ ಇತ್ತು, ಇಲ್ಲ ಅನ್ನುವುದಿಲ್ಲ.

ಆಮೇಲೆ ರಸ್ತೆಯಾಚೆ ಇನ್ನೊಂದು ಹೋಟ್ಲು ಶುರುವಾಯಿತು. ಅಲ್ಲಿ ರೇಡಿಯೋ ಹಾಡುತ್ತಿತ್ತು, ಕಲ್ಲು ಹಾಸಿದ ಮೇಜುಗಳಿದ್ದವು. ನಮ್ಮ ಗಿರಾಕಿಗಳಲ್ಲಿ ಕೆಲವರು ಅತ್ತ ಸರಿದರು. ಭಾವ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಎಂಟನೇ ದಿನ ಮೈಸೂರಿಗೆ ಹೋಗಿ ಗುಲಾಬಿ ಬಣ್ಣದ ಕಾಗದದಲ್ಲಿ ಕಟ್ಟುಗಟ್ಟಲೆ ನೋಟೀಸು ಅಚ್ಚು ಹಾಕಿಸಿಕೊಂಡು ಬಂದರು. ಜಟಕಾ ಗಾಡಿಗೆ ಮೈಕು ಕಟ್ಟಿಸಿ, ಸಂತೆ ಇದ್ದ ಕಡೆಯೆಲ್ಲ ಕೂಗಿಸುತ್ತ ಅದನ್ನು ಹಂಚಿಸಿದರು.

ನನಗೆ ಓದಲು ಬರುತ್ತಿತ್ತು. ಒಂದು ನೋಟೀಸು ನನ್ನ ಕೈಗೂ ಸಿಕ್ಕಿತು. "ಮೈಸೂರು ಅರಮನೆಯ ಪಾಕಶಾಲೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಪ್ರವೀಣರ ಕೈಯಡುಗೆ. ಬನ್ನಿ, ಸವಿಯಿರಿ" ಅಂತಿತ್ತು. ಯಾವ ಅರಮನೆ? ಯಾವ ಪ್ರವೀಣ? ಒಲೆ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡವಳು ನಾನು.

ಮಾರನೇ ದಿನ ಆ ಪ್ರವೀಣ ಬಂದೇ ಬಂದ. ಆಳೆತ್ತರದ ಮನುಷ್ಯ, ತುಂಬು ಮೀಸೆ, ಗಂಟೆ ಹೊಡೆದಂಥ ಗಂಟಲು. ಮುಚ್ಚಿಹೋದ ಯಾವುದೋ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದವನಂತೆ. ಭಾವ ಅವನಿಗೆ ಜರಿ ರುಮಾಲು ಸುತ್ತಿಸಿ, ಕೈಗೊಂದು ಹಿತ್ತಾಳೆ ಸೌಟು ಕೊಟ್ಟು, ಬಾಗಿಲ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಅವನಿಗೆ ಒಂದು ಲೋಟ ಕಾಫಿ ಕಾಯಿಸಲೂ ಬರುತ್ತಿರಲಿಲ್ಲ.

ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಕಂಬದ ಮರೆಯಲ್ಲಿ ನಿಂತೇ ಕೇಳಿದೆ.

"ಅಡ್ಗೆ ಮಾಡೋಳು ನಾನು. ಅವನ್ಯಾರು ಭಾವ?"

ಅವರು ನಕ್ಕರು. "ಯಾಪಾರ ಅಂದ್ರೆ ಇಂಗೇ ಕಣವ್ವ. ಮನೆ ಎಂಗಸು ಬೇಯ್ಸಿದ್ದು ಅಂದ್ರೆ, ಅದು ನಮ್ಮನೇಲೂ ಸಿಕ್ತದೆ ಬುಡು ಅಂತಾರೆ. ಅರಮನೇದು ಅಂದ್ರೆ ಬಾಯಲ್ಲಿ ನೀರು ಬತ್ತದೆ."

ಗಂಡನ ಮುಖ ನೋಡಿದೆ. ಅವರು ಎಲೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

ಜನ ಬಂದರು, ಮುತ್ತಿಕೊಂಡೇ ಬಂದರು. ಕಿಂಡಿಯಿಂದ ನನಗೆ ಎಲ್ಲ ಕೇಳುತ್ತಿತ್ತು. "ಏನ್ ಕೈ ರೀ ನಿಮ್ದು! ದೊರೆಗಳಿಗೆ ಬಡಿಸಿದ ಕೈ ಅಂದ್ರೆ ಸುಮ್ನೇನಾ!" ಅಂತ ಕೈ ತೊಳೆದು ಹೋಗುವವರು ಅವನ ಮುಂದೆ ನಿಂತು ಹೊಗಳುತ್ತಿದ್ದರು. ಅವನು ಮೀಸೆ ಮೇಲೆ ಕೈಯಾಡಿಸಿ, "ಎಲ್ಲಾ ಆ ತಾಯಿ ಕೃಪೆ" ಅನ್ನುತ್ತಿದ್ದ. ಚಾಮುಂಡಿ ತಾಯಿ ಅಂತ ಅವರು ಅಂದುಕೊಳ್ಳುತ್ತಿದ್ದರು. ನಾನು ಒಳಗೆ ಮುದ್ದೆ ಕೋಲನ್ನು ಎಷ್ಟು ಜೋರಾಗಿ ತಿರುವುತ್ತಿದ್ದೆನೆಂದರೆ ಒಮ್ಮೆ ಪಾತ್ರೆಯೇ ಒಲೆಯಿಂದ ಉರುಳಿಬಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನನ್ನಪ್ಪ ಬಂದರು. ಹೇಮಗಿರಿ ದನದ ಜಾತ್ರೆಯಲ್ಲಿ ಅವರ ಕೈಗೂ ನೋಟೀಸು ಸಿಕ್ಕಿತ್ತಂತೆ. ಬೀಗರ ಹೋಟ್ಲಿಗೆ ಅರಮನೆಯವನು ಬಂದಿದ್ದಾನೆ ಅಂತ ಹೆಮ್ಮೆಪಟ್ಟುಕೊಂಡು ಬಂದಿದ್ದರು. ನಾನು ಹೋಟ್ಲಿನ ಒಲೆ ಮುಂದೆ ಇರುವ ವಿಚಾರ ತವರಿಗೆ ಯಾರೂ ಹೇಳಿರಲಿಲ್ಲ. ನಾನು ಮನೆಯಲ್ಲಿದ್ದೇನೆ ಅಂತಲೇ ಅವರು ತಿಳಿದಿದ್ದರು.

ಅಪ್ಪನ ದನಿ ಕೇಳಿ ನಾನು ಕಿಂಡಿಯ ಹತ್ತಿರ ನಿಂತೆ. ಒಂದು ತುತ್ತು ಉಂಡರು, ಎರಡು ತುತ್ತು ಉಂಡರು. ಮೂರನೆಯದನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟರು.

"ಈ ಸಾರಿಗೆ ಉಚ್ಚೆಳ್ಳು ಆಕೀರಾ?" ಅಂತ ಬಾಗಿಲಲ್ಲಿದ್ದವನನ್ನು ಕೇಳಿದರು. ಅವನು ತಡವರಿಸಿದ. ಅಪ್ಪ ಎಂಜಲು ಕೈಯಲ್ಲೇ ಎದ್ದು, ಪಕ್ಕದ ಓಣಿ ಬಳಸಿ, ಹಿತ್ತಲಿಂದ ಅಡುಗೆಮನೆಗೆ ಬಂದರು. ಬೆವರಿಗೆ ಒದ್ದೆಯಾಗಿ, ಸೆರಗು ಸೊಂಟಕ್ಕೆ ಕಟ್ಟಿ ನಿಂತಿದ್ದ ನನ್ನನ್ನು ನೋಡಿದರು.

ನನ್ನವ್ವನ ಸಾರನ್ನು ಗುರುತು ಹಿಡಿದರಲ್ಲ ಅಂತ ನನಗೆ ಅಳು ಬಂತು. ಇನ್ನು ಅಪ್ಪ ಸುಮ್ಮನಿರುವುದಿಲ್ಲ, ಭಾವನನ್ನು ಹಿಡಿದು ಕೇಳುತ್ತಾರೆ ಅಂದುಕೊಂಡೆ. ಅಪ್ಪ ನನ್ನ ತಲೆ ಮೇಲೆ ಎಡಗೈ ಇಟ್ಟು, ಸಣ್ಣ ದನಿಯಲ್ಲಿ ಅಂದರು:

"ಅರಮನೆಯೋನು ಮಾಡ್ತಾನೆ ಅಂತ್ಲೇ ಇರ್ಲಿ ಬುಡು ಮಗ. ನನ್ ಮಗ್ಳು ಓಟ್ಲಲ್ಲಿ ಬೇಯ್ಸಾಕ್ತಾವ್ಳೆ ಅಂತ ಊರಲ್ಲಿ ಗೊತ್ತಾದ್ರೆ ನಾ ತಲೆ ಎತ್ಕೊಂಡು ಓಡಾಡೋದೆಂಗೆ?"

ಬಾನಿಯಲ್ಲಿ ಕೈ ತೊಳೆದು ಹೊರಟುಹೋದರು. ಭಾವನ ಮೇಲಿದ್ದ ಸಿಟ್ಟಿಗಿಂತ ಹತ್ತುಪಟ್ಟು ಸಿಟ್ಟು ಬಂತು ನನಗೆ.

ಮಾರನೆಯ ದಿನ ಅಮಾವಾಸ್ಯೆ. ಗಂಜಾಂನ ನಿಮಿಷಾಂಬನ ಗುಡಿಗೆ ಹೋಗುವವರು ಬರುವವರು ಊರು ತುಂಬಿದ್ದರು. ನಾನು ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಮನೆಯ ಜಗುಲಿ ಮೇಲೆ ಕೂತೆ. ಭಾವ ಓಡಿ ಬಂದರು.

"ಏನವ್ವ ಇದು? ಅನ್ನೊಂದು ಗಂಟೆಗೆ ಬಸ್ಸು ಬತ್ತದೆ!"

"ಅರಮನೆಯೋರು ಇಲ್ಲೇ ಅವ್ರಲ್ಲ, ಅವರೇ ಮಾಡ್ಲಿ" ಅಂದೆ. ಆ ದಿನ ಕಂಬದ ಮರೆಗೆ ಹೋಗಲಿಲ್ಲ.

ಬೈದರು, ಕೈ ಮುಗಿದರು, ತಮ್ಮನನ್ನು ಕಳಿಸಿದರು. ನಾನು ಅಲುಗಲಿಲ್ಲ. ಕೊನೆಗೆ ಭಾವ, ನನ್ನ ಗಂಡ, ಆ ನಾಟಕದ ರಾಜ ಮೂವರೂ ಸೇರಿ ಏನೋ ಬೇಯಿಸಿದರು. ಮುದ್ದೆಯೊಳಗೆ ಹಸಿ ಹಿಟ್ಟಿನ ಗಂಟು, ಸಾರು ತಳ ಹತ್ತಿದ ವಾಸನೆ. ನಾನು ಕೂತಿದ್ದಲ್ಲಿಗೇ ಗಲಾಟೆ ಕೇಳಿಸಿತು. "ಅಡ್ಗೆಯೋರ್ಗೆ ಉಸಾರಿಲ್ಲ, ಬೇಜಾರು ಮಾಡ್ಕಬ್ಯಾಡಿ" ಅಂದರು ಭಾವ. "ಅಡ್ಗೆಯೋನು ಇಲ್ಲೇ ಗುಂಡುಕಲ್ಲಂಗೆ ಕುಂತವ್ನಲ್ಲಲಾ!" ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಉಣ್ಣುತ್ತಿದ್ದವರು ಎದ್ದು ರಸ್ತೆಯಾಚೆ ನಡೆದರು.

ಆ ಮನುಷ್ಯ ರುಮಾಲು ಬಿಚ್ಚಿ ಮೇಜಿನ ಮೇಲಿಟ್ಟು, ನನ್ನ ಹತ್ತಿರ ಬಂದ. "ಹೊಟ್ಟೆಪಾಡು ತಾಯಿ, ತಪ್ಪಾಯ್ತು" ಅಂದ. ನಾನು ಮುಖ ತಿರುಗಿಸಿದೆ. ಅವನು ಆ ಮಧ್ಯಾಹ್ನವೇ ಊರು ಬಿಟ್ಟ. ಹೊಟ್ಟೆಪಾಡಿನವನ ಮೇಲೆ ಅಷ್ಟು ಹಟ ಬೇಕಿತ್ತೇ ಅಂತ ಆಮೇಲೆ ಅನಿಸಿದ್ದುಂಟು.

ಸಂಜೆ ಭಾವ ಬಂದು ಏನು ಬೇಕು ಅಂತ ಕೇಳಿದರು. ಕಿಂಡಿ ಒಡೆದು ಬಾಗಿಲು ಮಾಡಿಸಿ ಅಂದೆ. ಉಣ್ಣುವವರಿಗೆ ಒಲೆಯೂ ಕಾಣಬೇಕು, ಒಲೆ ಮುಂದೆ ಇರುವವಳೂ ಕಾಣಬೇಕು. ಬಾಯಿ ಬಿಗಿ ಹಿಡಿದು ಒಪ್ಪಿಕೊಂಡರು. ಬಾಗಿಲಾಯಿತು. ಮೊದಲ ವಾರ ಒಂದಿಬ್ಬರು ನನ್ನನ್ನು ನೋಡಿ ಗೊಣಗಿದರು. ಆಮೇಲೆ ಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಬಂದರು. ಕೆಲವರು ಬಾಗಿಲಿಗೆ ಬಂದು "ಸಾರು ಚೆನ್ನಾಗಿತ್ತು ಕಣವ್ವ" ಅಂದು ಹೋಗುತ್ತಿದ್ದರು. ಅಷ್ಟು ದಿನವೂ ಅವರಿಗೆ ಬೇಕಾಗಿದ್ದದ್ದು ಸಾರು, ಅರಮನೆಯಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡರೆ, ಮೂರು ತಿಂಗಳಲ್ಲಿ ಭಾವ ಹೊಸ ನೋಟೀಸು ಹಾಕಿಸಿದರು. "ಗೃಹಲಕ್ಷ್ಮಿಯ ಕೈಯಡುಗೆ. ಮನೆ ಊಟದ ರುಚಿ ನಮ್ಮಲ್ಲಿ ಮಾತ್ರ." ಬಂದವರಿಗೆಲ್ಲ, "ಎಂಗಸ್ರೇ ಅಡ್ಗೆ ಮಾಡ್ಬೇಕು ಅಂತ ನಾನೇ ಇಂಗೆ ಮಾಡ್ದೆ" ಅನ್ನುತ್ತಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಅಪ್ಪ ಮತ್ತೆ ನಮ್ಮ ಹೋಟ್ಲಲ್ಲಿ ಉಣ್ಣಲಿಲ್ಲ. ಬಂದರೂ ಮನೆಯಲ್ಲಿ ನೀರು ಕುಡಿದು ಹೋಗುತ್ತಿದ್ದರು. ನಾನು ಇನ್ನೂ ಒಂಬತ್ತು ವರ್ಷ ಅಲ್ಲಿ ಬೇಯಿಸಿದೆ. ಅಣ್ಣತಮ್ಮಂದಿರು ಪಾಲಾದಾಗ ಹೋಟ್ಲು ಭಾವನ ಕಡೆಗೆ ಹೋಯಿತು. ನಾವು ಬೆಳಗೊಳಕ್ಕೆ ಬಂದು ಬೇಸಾಯ ಹಿಡಿದೆವು.

ಗಂಡ ಒಂದು ದಿನ ಗದ್ದೆ ಬದುವಿನಲ್ಲಿ ಊಟ ಮಾಡುತ್ತ, "ಅವತ್ತು ಅಣ್ಣನ ಮುಂದೆ ನಾನು ಮಾತಾಡ್ಬೇಕಿತ್ತು ಕಣೆ" ಅಂದರು.

"ಊಂ, ಮಾತಾಡ್ಬೇಕಿತ್ತು" ಅಂದೆ. ಹೋಗಲಿ ಬಿಡಿ ಅನ್ನಲಿಲ್ಲ.