ಇಂಗಿಲ್ಲದ ಒಗ್ಗರಣೆ

ಚಿಕ್ಕಮ್ಮನದು ಗಿಣಿಮೂಗು. ಕನ್ನಡಕವನ್ನು ಹಣೆಗೇರಿಸಿ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದುವಾಗ ಆ ಮೂಗಿನ ತುದಿ ಪ್ಲಾಸ್ಟಿಕ್ಕಿಗೆ ತಾಗಿ ಚಪ್ಪಟೆಯಾಗುತ್ತಿತ್ತು. ದೆಹಲಿಯ ದ್ವಾರಕಾದ ಅಂಗಡಿಯ ಭಯ್ಯಾ ನೋಡಿ ನಗುತ್ತಿದ್ದ. ಇವಳು ಅವನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಗುರುಗ್ರಾಮದಲ್ಲಿ ಕೆಲಸ ಸಿಕ್ಕಾಗ ನಾನು ಉಳಿದುಕೊಂಡದ್ದು ಅವಳ ಮನೆಯಲ್ಲಿ. ನನಗಿರುವುದು ಸೀಲಿಯಾಕ್, ಗೋಧಿಯ ಒಂದು ಕಣವೂ ಕರುಳಿಗೆ ಆಗದು ಎಂದು ಡಾಕ್ಟರು ಹೇಳಿದ್ದು ಅಲ್ಲಿಗೆ ಬಂದ ಮೇಲೆ. ಅಲ್ಲಿಯವರೆಗೆ ನನ್ನ ಹೊಟ್ಟೆನೋವು ಎಲ್ಲರ ಪಾಲಿಗೂ ನಾಟಕ. ಆಮೇಲೂ ಅಮ್ಮ ಫೋನಿನಲ್ಲಿ, "ಒಂದು ಚಪಾತಿ ತಿಂದ್ರೆ ಯಾರಿಗೇನಾಗತ್ತೆ?" ಅಂದಳು. ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಅಕ್ಕಾ, ನೀನು ಸುಮ್ನಿರು" ಎಂದಳು. ನನ್ನನ್ನು ಮೊದಲು ನಂಬಿದವಳು ಅವಳು.

ಗೋಧಿಯಿಲ್ಲದ ಪಾಸ್ತಾ ಹುಡುಕಿ ತಂದಳು. ಮೊದಲ ಸಲ ಅದು ಬೆಂದು ಗಂಜಿಯಾಯಿತು. "ಹಾಳಾದ್ದು, ಗೋಡೆಗೆ ಪೋಸ್ಟರ್ ಅಂಟಿಸೋಕಾಗತ್ತೆ" ಎಂದು ಬೈದಳು. ಮುಂದಿನ ಸಲ ಪೂರ್ತಿ ಬೇಯುವ ಮೊದಲೇ ಬಸಿದು, ಶಾವಿಗೆ ಉಪ್ಪಿಟ್ಟಿನ ಹಾಗೆ ಸಾಸಿವೆ, ಕರಿಬೇವು, ಹಸಿಮೆಣಸು, ಇಂಗಿನ ಒಗ್ಗರಣೆ ಕೊಟ್ಟಳು. ತಟ್ಟೆ ತುಂಬ ತಿಂದೆ. ಸಂಜೆಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ.

ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಓದಿ, ಕಳ್ಳನನ್ನು ಅವಳೇ ಹಿಡಿದಳು. ನಾವು ತರುತ್ತಿದ್ದ ಇಂಗಿನ ಪುಡಿಗೆ ಗೋಧಿಹಿಟ್ಟು ಬೆರೆಸಿದ್ದರು. ಅವತ್ತೇ ಆ ಮನೆಯಿಂದ ಇಂಗು ಹೊರಬಿತ್ತು.

"ಇಂಗಿಲ್ಲದ್ದೂ ಒಂದು ಸಾರೇನೇ?" ಎಂದು ಚಿಕ್ಕಪ್ಪ ಮುಖ ಸಿಂಡರಿಸಿದರು.

"ಅಲ್ಲ. ಬೇಡದಿದ್ರೆ ಮಜ್ಜಿಗೆ ಇದೆ" ಎಂದಳು.

ಅವಳು ಮುದ್ದಿಸುವ ಪೈಕಿ ಅಲ್ಲ. ನನ್ನ ತಲೆ ಸವರಿದ್ದು ನೆನಪಿಲ್ಲ. ಆದರೆ ನೆಂಟರ ಮನೆಗೆ ಹೋದಾಗಲೆಲ್ಲ ನನ್ನ ಊಟದ ಡಬ್ಬಿ ಅವಳ ಚೀಲದಲ್ಲಿರುತ್ತಿತ್ತು. ಯಾರಾದರೂ ಮುಖ ಊದಿಸಿದರೆ, "ಹೊಟ್ಟೆ ಅವಳದು, ನೋವು ನಿಮಗ್ಯಾಕೆ?" ಎಂದು ಮುಖದ ಮೇಲೆ ಹೊಡೆದ ಹಾಗೆ ಕೇಳುತ್ತಿದ್ದಳು.

ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಹೊರಟುಹೋದಳು. ಮನೆಯಲ್ಲೇ ಮಾಡಿದ ವೈಕುಂಠ ಸಮಾರಾಧನೆಯ ದಿನ ಎಲೆಗೆ ಮೈದಾದ ಹೋಳಿಗೆ ಬಂತು. ನಾನು ಕೈ ಅಡ್ಡ ಹಿಡಿದೆ. ಬಡಿಸುತ್ತಿದ್ದವರು ಚಿಕ್ಕಪ್ಪನ ತಂಗಿ, ಅಲ್ಲೇ ನಿಂತರು.

"ಪ್ರಸಾದ ಕಣೇ, ಏನೂ ಆಗಲ್ಲ. ಇಷ್ಟು ವರ್ಷ ನಿಂಗೆ ಬೇಯಿಸಿ ಹಾಕಿದೋಳು. ಅವಳ ಹೆಸರಲ್ಲಿ ಒಂದು ತುತ್ತು ತಿನ್ನೋಕಾಗಲ್ವಾ?"

ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನಾನು ಚಿಕ್ಕಪ್ಪನ ಕಡೆ ನೋಡಿದೆ. ನಾನು ಹೊಟ್ಟೆ ಹಿಡಿದು ಹೊರಳಾಡಿದ್ದನ್ನು ಕಣ್ಣಾರೆ ಕಂಡವರು ಅಲ್ಲಿ ಅವರೊಬ್ಬರೇ.

"ಒಂದು ಚೂರು ಬಾಯಿಗೆ ಹಾಕ್ಕೊಂಡ್ಬಿಡಮ್ಮ" ಎಂದರು ಅವರು, ತಲೆ ಎತ್ತದೆ. "ಎಲ್ರೂ ನೋಡ್ತಿದಾರೆ."

ನನ್ನ ಕಾಯಿಲೆಯೂ ಅವಳ ಜೊತೆಗೇ ಹೋಯಿತು ಅಂದುಕೊಂಡರೇನೋ. ಎಲೆ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿ ಮೆಟ್ರೋ ಕಡೆ ನಡೆದೆ.

ಆ ಮನೆಯಿಂದ ನಾನು ಹಸಿದು ಹೊರಟದ್ದು ಅದೇ ಮೊದಲು.