ನೆಲುವಿಗೆ ಅಳೆದ ಹುರಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕುಳಿತಾಗಲೆಲ್ಲ ಶಾಂತಾಬಾಯಿಯ ಮೇಲಿನ ಹಳೆಯ ಸಿಟ್ಟೇ ಮೊದಲು ಬರುತ್ತಿತ್ತು. ಕಾಗದ ಮಡಚಿಡುತ್ತಿದ್ದೆ.

ಹೆಗಲ ಮೇಲೆ ಹುರಿಗಳ ಕಂತೆ ಹಾಕಿಕೊಂಡು ವಾರ್ಡಿನಲ್ಲಿ ತಿರುಗುವ ನರ್ಸನ್ನು ನೀವು ಕಂಡಿರಲಾರಿರಿ. ಎಪ್ಪತ್ತರ ದಶಕದಲ್ಲಿ ರಾಯಚೂರಿನ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಶಾಂತಾಬಾಯಿ ಹಾಗೆ ತಿರುಗುತ್ತಿದ್ದಳು. ಗಂಡಸಿನಂಥ ದಪ್ಪ ದನಿ. ಚಹಾ ಕೂಡ ನಿಂತೇ ಕುಡಿಯುತ್ತಿದ್ದಳು. ನಾನು ಅಲ್ಲಿ ಗುಮಾಸ್ತ.

ಎದೆಯ ಕ್ಯಾನ್ಸರಿಗೆ ದೊಡ್ಡ ಊರಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ ಹೆಂಗಸರಿಗೆ ಆ ಬದಿಯ ಕೈ ಮೇಲೇಳುತ್ತಿರಲಿಲ್ಲ. ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸಿ ಕೈ ಎತ್ತಿಸುವುದು ಆಕೆಯ ಕೆಲಸ. ಗಾಯ ಮಾಯ್ದರೆ ರಿಜಿಸ್ಟರಿನಲ್ಲಿ ‘ಗುಣ’ ಎಂದು ಬರೆಯುವುದು ನನ್ನ ಕೆಲಸ. ಆಕೆ ಬಿಡುತ್ತಿರಲಿಲ್ಲ.

“ನಿಮ್ಮ ಪೆನ್ನಿಗೆ ನೋವಿಲ್ರಿ, ಅದಕ್ಕ ಲಗೂ ಗುಣ ಆಗ್ತದ. ಆಕಿ ಕೈ ಮನ್ಯಾಗಿನ ನೆಲುವಿಗೆ ಮುಟ್ಟಲಿ, ಆಮ್ಯಾಲ ಬರೀರಿ.”

ಬೆಕ್ಕಿಗೆ ಸಿಗದಂತೆ ಮೊಸರಿನ ಗಡಿಗೆ ತೂಗುಹಾಕುವ ನೆಲುವು ಒಂದೊಂದು ಮನೆಯಲ್ಲಿ ಒಂದೊಂದು ಎತ್ತರ. ಗಂಡನೋ ಅಣ್ಣನೋ ನೆಲದಿಂದ ನೆಲುವಿನವರೆಗೆ ಅಳೆದ ಹುರಿ ತರಬೇಕು. ಅದನ್ನು ಗೋಡೆಗೆ ಹಿಡಿದು ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು.

ಹಾಸಿಗೆ ಖಾಲಿಯಾಗದಿದ್ದರೆ ಡಾಕ್ಟರು ಗದರುವುದು ನನ್ನನ್ನು. ದೇವದುರ್ಗದ ಕಡೆಯ ಜಾಲಹಳ್ಳಿಯ ಹೆಂಗಸೊಬ್ಬಳು ತಿಂಗಳಾದರೂ ಹೋಗಲಿಲ್ಲ. ಗೆರೆಗೆ ಇನ್ನೂ ಒಂದು ಗೇಣು ಬಾಕಿ.

“ಇದು ದವಾಖಾನಿನೋ ಅಡಗಿಮನಿನೋ, ಬಾಯಾರ?” ಎಂದೆ.

“ಅಡಗಿಮನಿ ನೋಡೀರೇನು? ಕುಂತಲ್ಲಿ ಊಟದ ಗಂಗಾಳ ಬರೋರಿಗೆ ನೆಲುವು ಎಲ್ಲಿರ್ತದ ಅಂತ ಹೆಂಗ ಗೊತ್ತಾಗಬೇಕು?”

ಸಾಲಾಗಿ ಕುಳಿತ ಹೆಂಗಸರು ನಕ್ಕರು. ಜಾಲಹಳ್ಳಿಯವಳೂ ನಕ್ಕಳು.

ಶಾಂತಾಬಾಯಿ ಹಳೆಯ ರೋಗಿಗಳನ್ನು ನೋಡಲು ಮಾನ್ವಿಯ ಕಡೆ ಹೋದ ದಿನ ಗೋಡೆಗೆ ಸುಣ್ಣ ಬಳಿಸಿದೆ. ಆಕೆ ಬಿಟ್ಟುಹೋದ ಕಂತೆಯಲ್ಲಿ ಜಾಲಹಳ್ಳಿಯ ಹುರಿ ಹುಡುಕಿ ಒಂದು ಗೇಣು ಕತ್ತರಿಸಿದೆ. ಡಾಕ್ಟರ ಮುಂದೆ ಅದನ್ನೇ ಹಿಡಿದು ಹೊಸ ಗೆರೆ ಎಳೆದೆ. ಕೈ ಮುಟ್ಟಿತು. ಅವಳು ಸಂತೋಷದಿಂದ ನನಗೆ ನಮಸ್ಕಾರ ಮಾಡಿ ಊರಿಗೆ ಹೋದಳು.

ಎರಡು ತಿಂಗಳ ಮೇಲೆ ಶಾಂತಾಬಾಯಿ ದೇವದುರ್ಗದ ಬಸ್ಸು ಹಿಡಿದು ಅವಳ ಮನೆಗೆ ಹೋದರೆ ಅವಳಿರಲಿಲ್ಲ. ‘ದವಾಖಾನ್ಯಾಗ ಗುಣ ಅಂತ ಬರದಾರ, ಇಕೀದು ಮೈಗಳ್ಳತನ’ ಎಂದು ಅತ್ತೆ ತವರಿಗೆ ಅಟ್ಟಿದ್ದಳು. ನೆಲುವಿಗೆ ಹುರಿ ಹಿಡಿದು ನೋಡಿದರೆ ಗೇಣು ಗಿಡ್ಡ. ಬಂದು ಡಾಕ್ಟರ ಎದುರಿಗೇ ನನ್ನನ್ನು ಕೇಳಿದಳು.

“ಹುರಿ ಬಾಯಾರ್ದು, ಅಳತಿನೂ ಅವರ್ದೇ,” ಎಂದೆ.

ಡಾಕ್ಟರು ಹುರಿಗಳನ್ನೆಲ್ಲ ಕಸಕ್ಕೆ ಹಾಕಿಸಿದರು. ಶಾಂತಾಬಾಯಿಯನ್ನು ಮಾನ್ವಿಗೆ ವರ್ಗ ಮಾಡಿಸಿದರು.

ಎಂಬತ್ತರ ದಶಕದಲ್ಲಿ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ತಲೆ ಬೆಳ್ಳಗಾಗಿತ್ತು. ನಾನೇ ಹೋಗಿ, ಹುರಿ ಕತ್ತರಿಸಿದವನು ನಾನು, ತಪ್ಪಾಯಿತು ಎಂದೆ.

“ಅವತ್ತೇ ಗೊತ್ತಿತ್ತು. ನನ್ನ ಮುಂದ ಯಾಕ ನಿಂತೀರಿ? ನನ್ನ ಕೈ ಮ್ಯಾಲೇಳ್ತದ.” ದನಿ ಮೊದಲಿನಂತೆಯೇ ಇತ್ತು. “ಆಕಿ ಇನ್ನೂ ಸಿರವಾರದಾಗ ತವರಮನ್ಯಾಗ ಬಿದ್ದಾಳ. ಬಸ್ ಅಲ್ಲಿ ನಿಂತದ ನೋಡ್ರಿ. ಆಕಿ ಹೆಸರಾದ್ರೂ ನೆನಪದ ಏನು?”

ಸಿರವಾರದ ಬಸ್ಸು ಹೊರಟಿತು. ನಾನು ರಾಯಚೂರಿನದು ಹತ್ತಿದೆ. ಶಾಂತಾಬಾಯಿ ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಮೇಲೆ ಬಂತು.

ಆಕೆ ಕೇಳಿದ ಹೆಸರು ಅಂದು ನನ್ನ ಬಾಯಲ್ಲೇ ಇತ್ತು. ಈರಮ್ಮ.